ಕಾರ್ಬೊನಿಲ್ ಜಾಸ್ತಿ ಬಂದಿದೆ: ಹಾನಿ ಹೆಚ್ಚಿತೋ, ವಿಲೇವಾರಿ ನಿಂತಿತೋ?

ಕೋಶಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟಿರುತ್ತೀರಿ. ಇಲ್ಲವೇ ಒಂದು ಜೀನ್ ತೆಗೆದು ಏನಾಗುತ್ತದೆ ಅಂತ ನೋಡುತ್ತಿರುತ್ತೀರಿ. ಬ್ಲಾಟ್ (ಜೆಲ್‌ನಲ್ಲಿ ಪ್ರೋಟೀನ್ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವುದು) ಮಾಡಿದರೆ, ಆಕ್ಸಿಡೇಶನ್‌ನಿಂದ ಪ್ರೋಟೀನ್ ಹಾಳಾದದ್ದರ ಗುರುತಾದ ಪ್ರೋಟೀನ್ ಕಾರ್ಬೊನಿಲ್ ಕಂಟ್ರೋಲ್‌ಗಿಂತ ಎರಡು ಪಟ್ಟು. ಆಗ ನೋಟ್‌ಬುಕ್‌ನಲ್ಲಿ ಎಲ್ಲರೂ ಬರೆಯುವುದು ಒಂದೇ ವಾಕ್ಯ: "ಆಕ್ಸಿಡೇಟಿವ್ ಹಾನಿ ಹೆಚ್ಚಾಗಿದೆ."

ಅದನ್ನು ಬರೆಯುವ ಮುಂಚೆ ಸ್ವಲ್ಪ ತಡೆಯಿರಿ. ಬಸ್ ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರೆ ಅವತ್ತು ಜನವೇ ಜಾಸ್ತಿ ಬಂದಿರಬಹುದು, ಇಲ್ಲವೇ ಬಸ್ಸೇ ಬಾರದೆ ಇದ್ದಿರಬಹುದು. ನಿಂತವರ ತಲೆ ಎಣಿಸಿದರೆ ಯಾವುದು ಅಂತ ಗೊತ್ತಾಗುವುದಿಲ್ಲ. ಕಾರ್ಬೊನಿಲ್ ಅಳತೆ ಹೇಳುವುದೂ ಅಷ್ಟೇ, ಆ ಕ್ಷಣದಲ್ಲಿ ಉಳಿದಿರುವ ಹಾಳಾದ ಪ್ರೋಟೀನ್ ಎಷ್ಟು ಅಂತ. ಹೊಸದಾಗಿ ಹಾಳಾಗುತ್ತಿರುವುದೆಷ್ಟು, ಕೋಶ ಕತ್ತರಿಸಿ ಹಾಕುತ್ತಿರುವುದೆಷ್ಟು ಅನ್ನುವುದನ್ನು ನಾವೇ ಬೇರೆ ಮಾಡಿ ನೋಡಬೇಕು.

ಈ ಕೈಪಿಡಿ ಇರುವುದು ಅದಕ್ಕೆ. ಮನುಷ್ಯರ ಅಥವಾ ಇಲಿಯ ಕೋಶಗಳನ್ನು ಬೆಳೆಸಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮೊದಲು ಅಳತೆ, ಆಮೇಲೆ ಡೋಸ್, ಆಮೇಲೆ ಸಮಯ, ಕೊನೆಗೆ ಹಾಳಾದ ಪ್ರೋಟೀನ್ ಕತ್ತರಿಸುವ ಪ್ರೋಟಿಯಾಸೋಮ್ ಮತ್ತು ಜೀರ್ಣ ಮಾಡುವ ಲೈಸೋಸೋಮ್. ಈ ಕ್ರಮ ತಪ್ಪಿಸಬೇಡಿ. ಬಹಳ ಜನ ನೇರವಾಗಿ ಪ್ರೋಟಿಯಾಸೋಮ್‌ಗೇ ಹೋಗುತ್ತಾರೆ. ಅಲ್ಲಿ ವಾರಗಟ್ಟಲೆ ಕಳೆಯುತ್ತದೆ, ದೋಷ ನೋಡಿದರೆ ಟ್ಯೂಬಿನಲ್ಲೇ ಇರುತ್ತದೆ.

ಯಾವ ಹಾನಿ ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ

ಆಕ್ಸಿಡೆಂಟ್ ಬಂದಾಗ ಮೊದಲ ಏಟು ಬೀಳುವುದು ಗಂಧಕ ಇರುವ ಎರಡು ಅಮೈನೊ ಆಮ್ಲಗಳಿಗೆ: ಸಿಸ್ಟೀನ್, ಮೆಥಿಯೊನೀನ್. ಈ ಹಾನಿಯಲ್ಲಿ ಬಹುಪಾಲನ್ನು ಕೋಶ ರಿಪೇರಿ ಮಾಡಿಕೊಳ್ಳುತ್ತದೆ. ಎರಡು ಸಿಸ್ಟೀನ್ ಬೆಸೆದು ಡೈಸಲ್ಫೈಡ್ ಆಗಿದ್ದರೆ ಥಯೊರೆಡಾಕ್ಸಿನ್ ಅನ್ನುವ ಪ್ರೋಟೀನ್ ಬಿಡಿಸುತ್ತದೆ. ಕೋಶದ ಚಿಕ್ಕ ರಕ್ಷಕ ಅಣುವಾದ ಗ್ಲುಟಾಥಯೋನ್ ಅಂಟಿಕೊಂಡಿದ್ದರೆ ಗ್ಲುಟಾರೆಡಾಕ್ಸಿನ್ ತೆಗೆಯುತ್ತದೆ. ಮೆಥಿಯೊನೀನ್ ಸಲ್ಫಾಕ್ಸೈಡ್‌ಗೆ ಎರಡು ರೂಪ ಇವೆ, ಎಸ್ ಮತ್ತು ಆರ್. ಎಸ್ ರೂಪವನ್ನು ಎಂಎಸ್‌ಆರ್‌ಎ, ಆರ್ ರೂಪವನ್ನು ಎಂಎಸ್‌ಆರ್‌ಬಿ ಅನ್ನುವ ಕಿಣ್ವ ಮತ್ತೆ ಮೆಥಿಯೊನೀನ್ ಮಾಡುತ್ತವೆ.

ಸಿಸ್ಟೀನ್ ಇನ್ನೂ ಮುಂದೆ ಹೋಗಿ ಸಲ್ಫಿನಿಕ್ ಆಮ್ಲವಾದರೆ ದಾರಿ ಕಿರಿದಾಗುತ್ತದೆ. ಅಲ್ಲಿಂದ ವಾಪಸ್ ಬರುವುದೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. 2003ರಲ್ಲಿ ಯೀಸ್ಟ್‌ನಲ್ಲಿ ಸಲ್ಫಿರೆಡಾಕ್ಸಿನ್ ಅನ್ನುವ ಕಿಣ್ವ ಸಿಕ್ಕಿದ ಮೇಲೆ, ಪೆರಾಕ್ಸೈಡ್ ಒಡೆಯುವ ಪೆರಾಕ್ಸಿರೆಡಾಕ್ಸಿನ್‌ಗಳಲ್ಲಾದರೂ ಅದು ವಾಪಸ್ ತಿರುಗುತ್ತದೆ ಅಂತ ಗೊತ್ತಾಯಿತು. ಸಲ್ಫಾನಿಕ್ ಆಮ್ಲ ಆಗಿಬಿಟ್ಟರೆ ಮಾತ್ರ ಮುಗಿಯಿತು.

ಕಾರ್ಬೊನಿಲ್ ಕೂಡ ಈ ಮುಗಿದುಹೋದ ಗುಂಪಿಗೇ ಸೇರಿದ್ದು. ಲೈಸೀನ್, ಆರ್ಜಿನೀನ್, ಪ್ರೋಲೀನ್, ಥ್ರಿಯೊನೀನ್‌ಗಳ ಪಕ್ಕದ ಸರಪಳಿಗಳು ಆಲ್ಡಿಹೈಡ್ ಅಥವಾ ಕೀಟೋನ್ ಆಗಿ ಬದಲಾಗುತ್ತವೆ. ಕಬ್ಬಿಣದ ಅಯಾನು ಮತ್ತು ಪೆರಾಕ್ಸೈಡ್ ಸೇರಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಇದಕ್ಕೆ ದೊಡ್ಡ ಕಾರಣ. ಕೊಬ್ಬು ಹಳಸಿದಾಗ ಬರುವ ಹೈಡ್ರಾಕ್ಸಿನೋನೆನಾಲ್ ಪ್ರೋಟೀನ್‌ಗೆ ಅಂಟಿಕೊಂಡಾಗಲೂ ಕಾರ್ಬೊನಿಲ್ ಸಿಗುತ್ತದೆ. ಇಂಥ ಪ್ರೋಟೀನ್‌ಗೆ ಉಳಿದಿರುವ ದಾರಿ ಒಂದೇ: ಪೂರ್ತಿ ಕತ್ತರಿಸಿ ಅಮೈನೊ ಆಮ್ಲಗಳನ್ನು ಮರುಬಳಕೆಗೆ ಕಳಿಸುವುದು. ಅದಕ್ಕೇ ಕಾರ್ಬೊನಿಲ್ ವಿಲೇವಾರಿಯ ಬಗ್ಗೆ ಇಷ್ಟೊಂದು ಹೇಳಬಲ್ಲದು. ರಿಪೇರಿ ಆಗದ ಕಾರಣ, ಅದು ಕಡಿಮೆಯಾಯಿತು ಅಂದರೆ ಯಾರೋ ಅದನ್ನು ತೆಗೆದಿದ್ದಾರೆ ಅಂತ, ಇಲ್ಲವೇ ಕೋಶ ಒಡೆದು ಎರಡಾಗಿ ಅದು ಹಂಚಿಹೋಗಿದೆ ಅಂತ.

ಅಳತೆಯೇ ತಪ್ಪಿದೆಯಾ?

ಕಾರ್ಬೊನಿಲ್ ಅಳೆಯುವ ಹಳೆಯ, ಈಗಲೂ ನಂಬುವ ದಾರಿ ಡೈನೈಟ್ರೋಫಿನೈಲ್‌ಹೈಡ್ರಜೀನ್, ಚಿಕ್ಕದಾಗಿ ಡಿಎನ್‌ಪಿಎಚ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಅರ್ಲ್ ಸ್ಟಾಡ್ಟ್‌ಮನ್, ರಾಡ್ನಿ ಲೆವಿನ್ ಅವರ ಕೆಲಸದಿಂದ ಇದು ಎಲ್ಲ ಲ್ಯಾಬ್‌ಗಳಿಗೆ ಹಬ್ಬಿತು. ಡಿಎನ್‌ಪಿಎಚ್ ಕಾರ್ಬೊನಿಲ್‌ಗೆ ಅಂಟಿಕೊಳ್ಳುತ್ತದೆ. 370 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹೀರಿಕೆ ನೋಡಬಹುದು, ಇಲ್ಲವೇ ಜೆಲ್ ಓಡಿಸಿ ಡಿಎನ್‌ಪಿ ವಿರುದ್ಧದ ಆಂಟಿಬಾಡಿ ಹಾಕಿ ಬ್ಲಾಟ್ ಮಾಡಬಹುದು.

ಮೊದಲ ಪರೀಕ್ಷೆ ಅತಿ ಸುಲಭದ್ದು, ಅತಿ ಹೆಚ್ಚು ಜನ ಬಿಡುವುದೂ ಅದನ್ನೇ. ಪ್ರತಿ ಸ್ಯಾಂಪಲ್ ಅನ್ನೂ ಎರಡು ಟ್ಯೂಬಿಗೆ ಹಂಚಿ. ಒಂದಕ್ಕೆ 2 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿದ ಡಿಎನ್‌ಪಿಎಚ್. ಇನ್ನೊಂದಕ್ಕೆ ಬರೀ ಆಸಿಡ್. ಬರೀ ಆಸಿಡ್ ಹಾಕಿದ ಲೇನ್‌ನಲ್ಲೂ ಗೆರೆಗಳು ಬಂದರೆ ಆಂಟಿಬಾಡಿ ಎಲ್ಲೆಲ್ಲೋ ಅಂಟುತ್ತಿದೆ ಅಂತ ಅರ್ಥ. ಆ ಬ್ಲಾಟ್‌ನಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಈ ಕಂಟ್ರೋಲ್ ಒಂದು ಕಿಟ್‌ಗೆ ಒಮ್ಮೆ ಮಾಡಿದರೆ ಸಾಲದು, ಪ್ರತಿ ಸ್ಯಾಂಪಲ್‌ಗೂ ಬೇಕು.

ಬ್ಲಾಟ್‌ಗೆ ಡಿಎನ್‌ಪಿಎಚ್ ಕೊಡುವ ಹೊತ್ತು ಸಾಮಾನ್ಯವಾಗಿ 15 ನಿಮಿಷ. ಇನ್ನೂ ಚೆನ್ನಾಗಿ ಅಂಟಲಿ ಅಂತ ಸುಮ್ನೆ ಅರ್ಧ ಗಂಟೆ ದಾಟಿಸಿದರೆ ಅಂಟಬಾರದ ಕಡೆಗೂ ಅಂಟಲು ಶುರುವಾಗುತ್ತದೆ. ಟೈಮರ್ ಇಡಿ, ಎಲ್ಲ ಟ್ಯೂಬ್‌ಗಳನ್ನೂ ಒಂದೇ ಹೊತ್ತಿಗೆ ತಟಸ್ಥಗೊಳಿಸಿ.

ಬೆಳಕಿನ ಹೀರಿಕೆ ನೋಡುವವರಿಗೆ ತೊಂದರೆ ಬೇರೆ ಥರ. ಟ್ರೈಕ್ಲೋರೊಅಸಿಟಿಕ್ ಆಸಿಡ್ ಹಾಕಿ ಪ್ರೋಟೀನ್ ಕೆಳಗಿಳಿಸಿದಾಗ ತಳದಲ್ಲಿ ಹಳದಿ ಪೆಲೆಟ್ ಕೂರುತ್ತದೆ. ಆ ಹಳದಿಯಲ್ಲಿ ಬಹುಪಾಲು ಪ್ರೋಟೀನ್‌ಗೆ ಅಂಟದೆ ಉಳಿದ ಡಿಎನ್‌ಪಿಎಚ್. ಎಥನಾಲ್, ಈಥೈಲ್ ಅಸಿಟೇಟ್ ಸಮ ಸಮ ಬೆರೆಸಿ ತೊಳೆಯಬೇಕು. ಪೆಲೆಟ್ ಅನ್ನು ಕಡ್ಡಿಯಿಂದ ಒಡೆದು, ಒಳಗಿನ ಬಣ್ಣವೂ ಬರುವ ಹಾಗೆ ಮಾಡಬೇಕು. ಸುಮ್ನೆ ಮೇಲೆ ಸುರಿದು ಚೆಲ್ಲಿದರೆ ಹೊರಮೈ ಮಾತ್ರ ತೊಳೆದ ಹಾಗಾಗುತ್ತದೆ. ಮೂರನೆಯ ಸಲ ಚೆಲ್ಲುವ ದ್ರವ ನೀರಿನಂತೆ ತಿಳಿಯಾಗಿರಬೇಕು. ಇನ್ನೂ ಹಳದಿ ಇದ್ದರೆ ಮತ್ತೆ ತೊಳೆಯಿರಿ.

ಇಷ್ಟೆಲ್ಲ ತೊಳೆಯುವಾಗ ಪ್ರೋಟೀನ್ ಕೂಡ ಹೋಗುತ್ತದೆ. ಹಾಗಾಗಿ ಪ್ರೋಟೀನ್ ಪ್ರಮಾಣವನ್ನು ಶುರುವಿನಲ್ಲಿ ಅಲ್ಲ, ಕೊನೆಗೆ ಗ್ವಾನಿಡೀನ್‌ನಲ್ಲಿ ಕರಗಿಸಿದ ಮೇಲೆ ಅಳೆಯಿರಿ, ಅದೂ ಬರೀ ಆಸಿಡ್ ಹಾಕಿದ ಟ್ಯೂಬಿನಲ್ಲಿ. ಡಿಎನ್‌ಪಿಎಚ್ ಇರುವ ಟ್ಯೂಬ್ 280ರಲ್ಲೂ ಬೆಳಕು ಹೀರುತ್ತದೆ, ಅದು ಲೆಕ್ಕ ಕೆಡಿಸುತ್ತದೆ. ಒಂದು ಲೆಕ್ಕ ನೋಡಿ. ಕಂಟ್ರೋಲ್ ಕಳೆದ ಮೇಲೆ ಹೀರಿಕೆ 0.044 ಬಂತು ಅನ್ನೋಣ. ಮೋಲಾರ್ ಗುಣಾಂಕ 22,000. ಭಾಗಿಸಿದರೆ 2 ಮೈಕ್ರೊಮೋಲಾರ್, ಅಂದರೆ ಮಿಲಿಲೀಟರ್‌ಗೆ 2 ನ್ಯಾನೊಮೋಲ್. ಅದೇ ಮಿಲಿಲೀಟರ್‌ನಲ್ಲಿ 1 ಮಿಲಿಗ್ರಾಂ ಪ್ರೋಟೀನ್ ಇದ್ದರೆ ಉತ್ತರ ಮಿಲಿಗ್ರಾಂಗೆ 2 ನ್ಯಾನೊಮೋಲ್. ಪ್ರೋಟೀನ್ ಅರ್ಧ ಕಳೆದುಹೋಗಿದ್ದು ನೀವು ಹಳೆಯ ಅಂಕಿಯಿಂದಲೇ ಭಾಗಿಸಿದರೆ, 4 ಇರಬೇಕಾದದ್ದು 2 ಅಂತ ಕಾಣುತ್ತದೆ. ಹೋಲಿಸುವ ಎರಡು ಸ್ಯಾಂಪಲ್‌ಗಳಲ್ಲಿ ನಷ್ಟ ಬೇರೆ ಬೇರೆಯಾದರೆ, ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ.

ಡಿಎನ್‌ಎ, ಆರ್‌ಎನ್‌ಎ ಉಳಿದಿದ್ದರೂ ಕಾರ್ಬೊನಿಲ್ ಸುಳ್ಳಾಗಿ ಏರುತ್ತದೆ. 280ರ ಹೀರಿಕೆಯನ್ನು 260ರದ್ದರಿಂದ ಭಾಗಿಸಿ. 1ಕ್ಕಿಂತ ಕಡಿಮೆ ಬಂದರೆ 1 ಶೇಕಡಾ ಸ್ಟ್ರೆಪ್ಟೊಮೈಸಿನ್ ಸಲ್ಫೇಟ್ ಹಾಕಿ ನ್ಯೂಕ್ಲಿಯಿಕ್ ಆಮ್ಲ ಕೆಳಗಿಳಿಸಿ, ಆಮೇಲೆ ಮುಂದುವರಿಯಿರಿ. ರಕ್ತ, ಸ್ನಾಯು, ಲಿವರ್‌ನಿಂದ ಬಂದ ಸ್ಯಾಂಪಲ್ ಆದರೆ ಹೀಮ್ ಕೂಡ ಅದೇ ಸುಮಾರಿನಲ್ಲಿ ಬೆಳಕು ಹೀರುತ್ತದೆ. ಆಸಿಡ್ ಬೆರೆಸಿದ ಅಸಿಟೋನ್‌ನಲ್ಲಿ ಅದನ್ನು ತೆಗೆಯಬೇಕು.

ಬ್ಲಾಟ್‌ನಲ್ಲಿ ಬೇರೆಲ್ಲ ಮಂಕಾಗಿದ್ದು 66 ಕಿಲೋಡಾಲ್ಟನ್ ಹತ್ತಿರ ಒಂದೇ ದಪ್ಪ ಗೆರೆ ಬಂದಿದೆಯಾ? ಅದು ಕೋಶದ್ದಲ್ಲದೆ ಬೆಳೆಸುವ ದ್ರವದಲ್ಲಿರುವ ಸೀರಮ್ ಅಲ್ಬುಮಿನ್ ಆಗಿರುವ ಸಾಧ್ಯತೆ ಜಾಸ್ತಿ. ಕೋಶ ತೆಗೆಯುವ ಮುಂಚೆ ಫಾಸ್ಫೇಟ್ ಬಫರ್‌ನಲ್ಲಿ ಸರಿಯಾಗಿ ತೊಳೆದಿಲ್ಲ ಅಷ್ಟೇ.

ಕೊನೆಯದು, ಕೋಶ ಒಡೆದ ಮೇಲೆ ಟ್ಯೂಬಿನಲ್ಲೇ ಆಗುವ ಆಕ್ಸಿಡೇಶನ್. ಕೋಶ ಒಡೆದ ಕೂಡಲೇ ಕಬ್ಬಿಣ ಬಿಡುಗಡೆಯಾಗುತ್ತದೆ, ಗಾಳಿ ಇದ್ದೇ ಇದೆ. ಕೋಶ ಒಡೆಯುವ ಲೈಸಿಸ್ ಬಫರ್‌ಗೆ ಆಕ್ಸಿಡೇಶನ್ ತಡೆಯುವ ಡಿಟಿಟಿ ಹಾಕಿ, ಜೊತೆಗೆ ಕಬ್ಬಿಣ ಹಿಡಿದಿಡುವ ಡಿಟಿಪಿಎ ಹಾಕಿ. ಕಬ್ಬಿಣಕ್ಕೆ ಇಡಿಟಿಎಗಿಂತ ಡಿಟಿಪಿಎ ಒಳ್ಳೆಯದು, ಯಾಕೆಂದರೆ ಇಡಿಟಿಎ ಹಿಡಿದ ಕಬ್ಬಿಣ ಪೆರಾಕ್ಸೈಡ್ ಜೊತೆ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಸಿಸ್ಟೀನ್ ಸ್ಥಿತಿಯನ್ನೂ ನೋಡಬೇಕು ಅನ್ನುವವರು ಆ ಸ್ಯಾಂಪಲ್ ಬೇರೆಯೇ ತೆಗೆಯಿರಿ. ಅದಕ್ಕೆ ಡಿಟಿಟಿ ಹಾಕಿದರೆ ನೋಡಬೇಕಾದದ್ದೇ ಅಳಿಸಿಹೋಗುತ್ತದೆ. ಎನ್-ಈಥೈಲ್‌ಮಲೆಯಿಮೈಡ್‌ನಂಥದ್ದನ್ನು ಹಾಕಿ ಸಿಸ್ಟೀನ್‌ಗಳನ್ನು ಮೊದಲೇ ಮುಚ್ಚಬೇಕು.

ಕೋಶಕ್ಕೆ ನಿಜವಾಗಿ ಎಷ್ಟು ಪೆರಾಕ್ಸೈಡ್ ಸಿಕ್ಕಿತು?

"200 ಮೈಕ್ರೊಮೋಲಾರ್ ಕೊಟ್ಟೆವು" ಅಂದರೆ ಬಾಟಲಿಯಿಂದ ಲೆಕ್ಕ ಹಾಕಿ ಅಷ್ಟು ಸುರಿದಿರಿ ಅಂತ. ಕೋಶಕ್ಕೆ ತಲುಪಿದ್ದು ಅಷ್ಟೇ ಅಂತ ಅಲ್ಲ.

30 ಶೇಕಡಾ ಬಾಟಲಿ ಹಳತಾದ ಹಾಗೆ ಸತ್ವ ಕಳೆದುಕೊಳ್ಳುತ್ತದೆ. ಪ್ರಯೋಗದ ದಿನವೇ ತೆಳುವಾಗಿಸಿ 240 ನ್ಯಾನೊಮೀಟರ್‌ನಲ್ಲಿ ನೋಡಿ. ಗುಣಾಂಕ 43.6. ಅಂದರೆ ನಿಜವಾಗಿ 10 ಮಿಲಿಮೋಲಾರ್ ಇದ್ದರೆ ಹೀರಿಕೆ 0.436 ಬರಬೇಕು. ಎರಡು ನಿಮಿಷದ ಕೆಲಸ.

ಇನ್ನೊಂದು, ಬೆಳೆಸುವ ದ್ರವದಲ್ಲಿ ಪೈರುವೇಟ್ ಇದೆಯಾ ನೋಡಿ. ಹಲವು ದ್ರವಗಳಲ್ಲಿ 1 ಮಿಲಿಮೋಲಾರ್ ಸೋಡಿಯಂ ಪೈರುವೇಟ್ ಇರುತ್ತದೆ. ಅದು ಪೆರಾಕ್ಸೈಡ್ ಜೊತೆ ನೇರವಾಗಿ ಸೇರಿ ಅಸಿಟೇಟ್, ಇಂಗಾಲದ ಡೈಆಕ್ಸೈಡ್, ನೀರು ಆಗಿಬಿಡುತ್ತದೆ. ನೀವು ಕೊಟ್ಟ 200 ಮೈಕ್ರೊಮೋಲಾರ್‌ಗೆ ಐದು ಪಟ್ಟು ಪೈರುವೇಟ್ ಕಾದು ಕುಳಿತಿದ್ದರೆ ಕೋಶಕ್ಕೆ ಉಳಿಯುವುದೇನು? ಒಂದು ಲ್ಯಾಬ್‌ನಲ್ಲಿ ಬಂದ ಫಲಿತಾಂಶ ಪಕ್ಕದ ಲ್ಯಾಬ್‌ನಲ್ಲಿ ಬರದಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ ಇದು.

ಕೋಶಗಳ ಸಂಖ್ಯೆಯೂ ಅಷ್ಟೇ ಮುಖ್ಯ. ಪೆರಾಕ್ಸೈಡ್ ಅನ್ನು ಕೋಶಗಳೇ ಬೇಗ ಒಡೆದುಹಾಕುತ್ತವೆ. ತಟ್ಟೆ ತುಂಬ ಕೋಶ ಇದ್ದರೆ ಒಂದೊಂದಕ್ಕೆ ಸಿಗುವುದು ಕಡಿಮೆ, ವಿರಳವಾಗಿದ್ದರೆ ಜಾಸ್ತಿ. ನಿಮ್ಮ ಜೀನ್ ತೆಗೆದ ಕೋಶಗಳು ನಿಧಾನವಾಗಿ ಬೆಳೆಯುವಂಥವಾದರೆ ತಟ್ಟೆಯಲ್ಲಿ ಅವು ಕಡಿಮೆ ಇರುತ್ತವೆ. ಆಗ ಅವಕ್ಕೆ ಬಿದ್ದ ಏಟೂ ಜಾಸ್ತಿ. ಆ ಜೀನ್ ಇಲ್ಲದ್ದಕ್ಕೇ ಕಾರ್ಬೊನಿಲ್ ಏರಿತು ಅಂತ ಬರೆದರೆ ಅದು ತಪ್ಪಾಗುತ್ತದೆ. ಡೋಸ್ ಅನ್ನು ಕೋಶ ಒಂದಕ್ಕೆ ಇಷ್ಟು ಅಂತ ಲೆಕ್ಕ ಇಡಿ.

ಏರಿದ್ದು ಬೇಗ ಇಳಿಯುತ್ತದೆಯಾ?

ಅಳತೆ ಸರಿ ಇದೆ, ಡೋಸ್ ಸರಿ ಇದೆ ಅನ್ನಿ. ಈಗ ನಿಜವಾದ ಪ್ರಶ್ನೆಗೆ ಬರೋಣ.

ಪರೀಕ್ಷೆಯ ಕೋಶಕ್ಕೂ ಕಂಟ್ರೋಲ್ ಕೋಶಕ್ಕೂ ಅರ್ಧ ಗಂಟೆ ಪೆರಾಕ್ಸೈಡ್ ಕೊಡಿ, ತೊಳೆದು ಹೊಸ ದ್ರವ ಹಾಕಿ. ಆಮೇಲೆ 0, 2, 4, 8, 24 ಗಂಟೆಗೆ ಸ್ಯಾಂಪಲ್ ತೆಗೆಯಿರಿ. 0 ಗಂಟೆಯಲ್ಲೇ ಕಂಟ್ರೋಲ್‌ಗಿಂತ ಬಹಳ ಮೇಲಿದ್ದು, ಆಮೇಲೆ ಕಂಟ್ರೋಲ್‌ನ ವೇಗದಲ್ಲೇ ಇಳಿದರೆ, ಹಾನಿಯೇ ಜಾಸ್ತಿಯಾಗಿದೆ. ತಡೆಯುವ ಕಡೆ ಕೊರತೆ: ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್, ಪೆರಾಕ್ಸಿರೆಡಾಕ್ಸಿನ್ ನೋಡಿ. 0 ಗಂಟೆಯಲ್ಲಿ ಎರಡೂ ಒಂದೇ ಇದ್ದು, ಒಂದು ಇಳಿಯುತ್ತಾ ಹೋಗಿ ಇನ್ನೊಂದು ಹಾಗೇ ನಿಂತರೆ, ತೆಗೆಯುವ ಕಡೆ ದೋಷ. ಒಂದೇ ಒಂದು ಹೊತ್ತಿನ ಬ್ಲಾಟ್‌ನಲ್ಲಿ ಈ ಎರಡು ಕಥೆಗಳು ಒಂದೇ ಥರ ಕಾಣುತ್ತವೆ. ಈ ಇಡೀ ಕೈಪಿಡಿಯಲ್ಲಿ ಒಂದೇ ಪ್ರಯೋಗ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ.

ಇಲ್ಲಿ ಒಂದು ಬಲೆ ಇದೆ. ಕೋಶ ಒಡೆದು ಎರಡಾದರೆ ಹಾಳಾದ ಪ್ರೋಟೀನ್ ಇಬ್ಬರಿಗೂ ಹಂಚಿಹೋಗುತ್ತದೆ, ಹೊಸ ಪ್ರೋಟೀನ್ ಸೇರುತ್ತದೆ. ಮಿಲಿಗ್ರಾಂ ಲೆಕ್ಕದಲ್ಲಿ ಕಾರ್ಬೊನಿಲ್ ಅರ್ಧ ಆಗುತ್ತದೆ, ಯಾರೂ ಏನನ್ನೂ ಕತ್ತರಿಸದೇ ಇದ್ದರೂ. 24 ಗಂಟೆಗೆ ಒಮ್ಮೆ ಒಡೆಯುವ ಕೋಶಕ್ಕೂ ಬೆಳವಣಿಗೆ ನಿಂತ ಕೋಶಕ್ಕೂ ಹೋಲಿಕೆ ಮಾಡಿದರೆ ನಿಂತದ್ದರಲ್ಲಿ ವಿಲೇವಾರಿ ಕೆಟ್ಟಿದೆ ಅಂತ ಸುಳ್ಳೇ ಅನ್ನಿಸುತ್ತದೆ. ಎರಡನ್ನೂ ಬೆಳವಣಿಗೆ ನಿಲ್ಲಿಸಿ ನೋಡಿ, ಇಲ್ಲವೇ ಮಿಲಿಗ್ರಾಂ ಬದಲು ಇಡೀ ತಟ್ಟೆಯ ಒಟ್ಟು ಕಾರ್ಬೊನಿಲ್ ಲೆಕ್ಕ ಹಾಕಿ. ಯೀಸ್ಟ್‌ನಲ್ಲಂತೂ ಹಂಚಿಕೆ ಸಮವೂ ಅಲ್ಲ. ತಾಯಿ ಕೋಶ ಕಾರ್ಬೊನಿಲ್ ಆದ ಪ್ರೋಟೀನ್‌ಗಳನ್ನು ಜಾಸ್ತಿ ತಾನೇ ಇಟ್ಟುಕೊಳ್ಳುತ್ತದೆ, ಮೊಗ್ಗಾಗಿ ಹೊರಬರುವ ಮಗಳಿಗೆ ಕಡಿಮೆ ಕೊಡುತ್ತದೆ. 2003ರಲ್ಲಿ ಇದು ಪ್ರಕಟವಾದಾಗ ವಯಸ್ಸಾಗುವುದರ ಬಗ್ಗೆ ಯೋಚಿಸುವ ರೀತಿಯೇ ಬದಲಾಯಿತು. ಎಷ್ಟು ಸಲ ಓದಿದರೂ ನನಗೆ ಆಶ್ಚರ್ಯ ಕಡಿಮೆಯಾಗಿಲ್ಲ.

ತೆಗೆಯುವ ಕಡೆ ದೋಷ: ಪ್ರೋಟಿಯಾಸೋಮ್

ಯುಬಿಕ್ವಿಟಿನ್ ಅನ್ನುವ ಗುರುತು ಹಚ್ಚಿ ಪ್ರೋಟೀನ್ ಕತ್ತರಿಸುವ ವ್ಯವಸ್ಥೆಗೆ 2004ರಲ್ಲಿ ಸೀಕನೋವರ್, ಹರ್ಷ್ಕೊ, ರೋಸ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಗುರುತು ಬಿದ್ದ ಪ್ರೋಟೀನ್ ಕತ್ತರಿಸುವುದು 26ಎಸ್ ಪ್ರೋಟಿಯಾಸೋಮ್. ಅದರ ನಡುವೆ 20ಎಸ್ ಅನ್ನುವ ಪೀಪಾಯಿ ಆಕಾರದ ಭಾಗ, ಏಳೇಳು ಪ್ರೋಟೀನ್‌ಗಳ ನಾಲ್ಕು ಉಂಗುರ, ಒಟ್ಟು 28. ಕತ್ತರಿಸುವ ಜಾಗ ಒಳಗಿನ ಎರಡು ಉಂಗುರಗಳಲ್ಲಿ. ಪೀಪಾಯಿಯ ತುದಿಗೆ 19ಎಸ್ ಅನ್ನುವ ಟೋಪಿ ಕೂತರೆ 26ಎಸ್ ಆಗುತ್ತದೆ. ಟೋಪಿ ಗುರುತನ್ನು ಓದುತ್ತದೆ, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಪ್ರೋಟೀನ್ ಬಿಡಿಸಿ ಒಳಗೆ ತಳ್ಳುತ್ತದೆ.

ಪೆರಾಕ್ಸೈಡ್ ಬಂದಾಗ ನಡೆಯುವುದು ಕುತೂಹಲದ ಸಂಗತಿ. ಟೋಪಿ ಕಳಚಿಕೊಳ್ಳುತ್ತದೆ. ಸಸ್ತನಿಗಳ ಕೋಶದಲ್ಲಿ ಎಚ್‌ಎಸ್‌ಪಿ70 ಅನ್ನುವ ಸಹಾಯಕ ಪ್ರೋಟೀನ್ ಆ ಟೋಪಿಯನ್ನು ಹಿಡಿದು ಕಾಪಾಡುತ್ತದೆ, ಗಂಟೆಗಳ ಮೇಲೆ ಮತ್ತೆ ಜೋಡಣೆಯಾಗುತ್ತದೆ. ಈ ನಡುವೆ ಬರಿ 20ಎಸ್ ಜಾಸ್ತಿ ಸಿಗುತ್ತದೆ. 20ಎಸ್‌ಗೆ ಗುರುತೂ ಬೇಡ, ಎಟಿಪಿಯೂ ಬೇಡ. ಆಕ್ಸಿಡೇಶನ್‌ನಿಂದ ಮಡಿಕೆ ಬಿಚ್ಚಿ, ಒಳಗಿದ್ದ ಎಣ್ಣೆಗುಣದ ಭಾಗ ಹೊರಗೆ ಬಂದ ಪ್ರೋಟೀನ್ ಅನ್ನು ಅದು ನೇರವಾಗಿ ಒಳಗೆಳೆದುಕೊಳ್ಳಬಲ್ಲದು. ಕೆಲ್ವಿನ್ ಡೇವಿಸ್, ಟಿಲ್ಮನ್ ಗ್ರೂನೆ ಅವರ ಗುಂಪುಗಳು ದಶಕಗಳಿಂದ ತೋರಿಸುತ್ತಾ ಬಂದಿರುವುದು ಇದನ್ನೇ. ಯುಬಿಕ್ವಿಟಿನ್ ದಾರಿಯೂ ಬೇಕು ಅನ್ನುವ ಪ್ರಯೋಗಗಳೂ ಇವೆ, ಚರ್ಚೆ ಪೂರ್ತಿ ಮುಗಿದಿಲ್ಲ. ದೋಷ ಹುಡುಕುವವರು ಎರಡೂ ದಾರಿ ತೆರೆದಿವೆ ಅಂತಲೇ ಹೊರಡಬೇಕು.

ಆದ್ದರಿಂದ "ಪ್ರೋಟಿಯಾಸೋಮ್ ಚಟುವಟಿಕೆ ಕಡಿಮೆಯಾಗಿದೆ" ಅನ್ನುವುದು ಅರ್ಧ ಉತ್ತರ. ಯಾವುದು ಅಂತ ಕೇಳಿ. ಸಕ್-ಎಲ್‌ಎಲ್‌ವಿವೈ-ಎಎಂಸಿ ಅನ್ನುವ ಸಬ್‌ಸ್ಟ್ರೇಟ್ ಕತ್ತರಿಸಿದರೆ ಬೆಳಕು ಚೆಲ್ಲುತ್ತದೆ, 460 ನ್ಯಾನೊಮೀಟರ್‌ನಲ್ಲಿ ನೋಡಬಹುದು. ಎಟಿಪಿ, ಮೆಗ್ನೀಸಿಯಂ ಇಟ್ಟು ಮೃದುವಾಗಿ ಕೋಶ ಒಡೆದರೆ 26ಎಸ್ ಉಳಿಯುತ್ತದೆ. ಎಟಿಪಿ ಇಲ್ಲದ ಬಫರ್‌ನಲ್ಲಿ ಅದು ಟ್ಯೂಬಿನಲ್ಲೇ ಕಳಚಿ, ಪೆರಾಕ್ಸೈಡ್‌ನಿಂದಲೇ ಹಾಗಾಯಿತು ಅನ್ನಿಸುತ್ತದೆ. 0.02 ಶೇಕಡಾ ಆಸುಪಾಸು ಎಸ್‌ಡಿಎಸ್ ಹಾಕಿದರೆ 20ಎಸ್‌ನ ಬಾಗಿಲು ತೆರೆದು ಅದರ ಶಕ್ತಿ ಕಾಣುತ್ತದೆ. ಅತಿ ಸ್ಪಷ್ಟವಾದ ಉತ್ತರ ಬೇಕಾದರೆ ನೇಟಿವ್ ಜೆಲ್ (ಪ್ರೋಟೀನ್‌ಗಳ ಜೋಡಣೆ ಬಿಚ್ಚದೆ ಬೇರ್ಪಡಿಸುವ ಜೆಲ್) ಓಡಿಸಿ, ಜೆಲ್ ಅನ್ನೇ ಸಬ್‌ಸ್ಟ್ರೇಟ್‌ನಲ್ಲಿ ನೆನೆಸಿ ಯುವಿ ಬೆಳಕಿನಲ್ಲಿಡಿ. ಮೇಲೆ ಎರಡು ಟೋಪಿಯದ್ದು, ಅದರ ಕೆಳಗೆ ಒಂದು ಟೋಪಿಯದ್ದು, ಇನ್ನೂ ಕೆಳಗೆ ಬರಿ ಪೀಪಾಯಿ, ಮೂರೂ ಬೇರೆ ಬೇರೆ ನೀಲಿ ಗೆರೆಗಳಾಗಿ ಹೊಳೆಯುತ್ತವೆ. ಮೇಲಿನವು ಮಂಕಾಗಿ ಕೆಳಗಿನದು ಹೊಳಪಾದರೆ ಟೋಪಿ ಕಳಚಿದೆ, ಅದು ಕೋಶದ ಸಹಜ ಉತ್ತರ. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ. ಮೂರೂ ಮಂಕಾಗಿದ್ದರೆ ಮಾತ್ರ ಪ್ರೋಟಿಯಾಸೋಮ್ ಕೆಟ್ಟಿದೆ ಅನ್ನಬಹುದು.

ಪ್ರತಿ ಅಳತೆಯಿಂದಲೂ ಪ್ರೋಟಿಯಾಸೋಮ್ ತಡೆಯುವ ಎಪಾಕ್ಸೊಮೈಸಿನ್ ಹಾಕಿದ ಟ್ಯೂಬಿನ ಅಂಕಿ ಕಳೆಯಿರಿ. ಅದನ್ನೇ ತಡೆಯುವ ಎಂಜಿ132 ಅಗ್ಗ, ಎಲ್ಲರ ಫ್ರೀಜರ್‌ನಲ್ಲೂ ಇರುತ್ತದೆ. ಆದರೆ ಅದು ಪ್ರೋಟೀನ್ ಕತ್ತರಿಸುವ ಬೇರೆ ಕಿಣ್ವಗಳಾದ ಕ್ಯಾಲ್ಪೇನ್, ಕೆಥೆಪ್ಸಿನ್‌ಗಳನ್ನೂ ತಡೆಯುತ್ತದೆ. ಅದನ್ನು ಹಾಕಿದಾಗ ಕಾರ್ಬೊನಿಲ್ ಏರಿತು ಅಂದ ಮಾತ್ರಕ್ಕೆ ಪ್ರೋಟಿಯಾಸೋಮ್‌ದೇ ಕೆಲಸ ಅಂತ ಹೇಳಲು ಬರುವುದಿಲ್ಲ.

ಡೋಸ್ ಅತಿಯಾದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಸ್ವಲ್ಪ ಆಕ್ಸಿಡೇಶನ್ ಆದ ಪ್ರೋಟೀನ್ ಬೇಗ ಕತ್ತರಿಸಿಹೋಗುತ್ತದೆ. ಜಾಸ್ತಿ ಆದದ್ದು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತದೆ, ಪೀಪಾಯಿಯೊಳಗೆ ನುಗ್ಗಲಾರದು. ಆ ಗಟ್ಟಿ ಉಂಡೆಗಳು ಪ್ರೋಟಿಯಾಸೋಮ್‌ಗೆ ಅಡ್ಡ ನಿಂತು ಉಳಿದ ಕೆಲಸವನ್ನೂ ನಿಲ್ಲಿಸುತ್ತವೆ. ಆದ್ದರಿಂದ ಡೋಸ್ ಏರಿಸುತ್ತಾ ಹೋದರೆ ಪ್ರೋಟೀನ್ ಕತ್ತರಿಕೆ ಮೊದಲು ಏರಿ ಆಮೇಲೆ ಬೀಳುತ್ತದೆ. ನಿಮ್ಮ ಡೋಸ್ ಈ ಗುಡ್ಡದ ಯಾವ ಕಡೆ ಇದೆ ಅಂತ ಗೊತ್ತಿಲ್ಲದೆ ಎರಡು ಪ್ರಯೋಗಗಳನ್ನು ಹೋಲಿಸಬೇಡಿ. ಒಂದೇ ಡೋಸ್ ಇಟ್ಟು ಮಾಡಿದ ಅಧ್ಯಯನಗಳನ್ನು ನಾನು ಓದುವಾಗ ಇದೇ ಅನುಮಾನ ಮೊದಲು ಬರುವುದು.

ಲೈಸೋಸೋಮ್ ಮತ್ತು ಉಳಿದುಹೋದ ಉಂಡೆಗಳು

ಗಟ್ಟಿಯಾದ ಉಂಡೆಗಳನ್ನು ತೆಗೆಯುವ ದಾರಿ ಆಟೋಫಾಜಿ. ಪೊರೆಯಲ್ಲಿ ಸುತ್ತಿ ಲೈಸೋಸೋಮ್‌ಗೆ ಒಯ್ದು ಜೀರ್ಣ ಮಾಡುವುದು. ಇದನ್ನು ಪರೀಕ್ಷಿಸಲು ಆ ಪೊರೆಗೆ ಅಂಟಿರುವ ಎಲ್‌ಸಿ3-2 ಅನ್ನುವ ಪ್ರೋಟೀನ್‌ಗೆ ಬ್ಲಾಟ್ ಮಾಡುತ್ತಾರೆ. ಅದು ಏರಿದರೆ ಆಟೋಫಾಜಿ ಹೆಚ್ಚಾಯಿತು ಅಂತ ಬರೆಯಬೇಡಿ. ಕಾರ್ಬೊನಿಲ್‌ಗೆ ಹೇಳಿದ ಮಾತೇ ಇಲ್ಲಿಗೂ: ತಯಾರಾಗುವುದು ಹೆಚ್ಚಾದರೂ ಏರುತ್ತದೆ, ಜೀರ್ಣ ಆಗುವುದು ನಿಂತರೂ ಏರುತ್ತದೆ. ಲೈಸೋಸೋಮ್‌ನಲ್ಲಿ ಜೀರ್ಣ ಆಗುವುದನ್ನು ನಿಲ್ಲಿಸುವ ಬಾಫಿಲೊಮೈಸಿನ್ ಹಾಕಿ, ಹಾಕದೆ ಎರಡೂ ಮಾಡಿ. ಬಾಫಿಲೊಮೈಸಿನ್‌ನಿಂದ ಇನ್ನೂ ಏರಿದರೆ ದಾರಿ ಹರಿಯುತ್ತಿತ್ತು. ಏನೂ ಬದಲಾಗದಿದ್ದರೆ ಅದು ಮೊದಲೇ ಕಟ್ಟಿಕೊಂಡಿತ್ತು.

ಪಿ62 ನೋಡುವವರಿಗೆ ಒಂದು ಎಚ್ಚರಿಕೆ. ಅದು ಆಟೋಫಾಜಿಯಲ್ಲಿ ಖರ್ಚಾಗುವ ಪ್ರೋಟೀನ್, ನಿಜ. ಆದರೆ ಆಕ್ಸಿಡೇಟಿವ್ ಒತ್ತಡದಲ್ಲಿ, ರಕ್ಷಕ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಆರ್‌ಎಫ್2 ಅನ್ನುವ ಪ್ರೋಟೀನ್ ಅದರ ಜೀನ್ ಅನ್ನೇ ಚಾಲೂ ಮಾಡುತ್ತದೆ. ಪಿ62 ಏರಿದ್ದು ಕಟ್ಟಿಕೊಂಡದ್ದರಿಂದಲೋ ಹೊಸದಾಗಿ ತಯಾರಾದದ್ದರಿಂದಲೋ ಅಂತ ಆರ್‌ಎನ್‌ಎ ನೋಡದೆ ಹೇಳಲಾಗದು.

ವಯಸ್ಸಾದ ಕೋಶ, ನರಕೋಶ, ಹೃದಯದ ಸ್ನಾಯು, ಕಣ್ಣಿನ ರೆಟಿನಾದ ಹಿಂದಿನ ಪದರ ಇವುಗಳಲ್ಲಿ ಜೀರ್ಣವಾಗದೆ ಉಳಿದದ್ದು ಲಿಪೊಫಸಿನ್ ಆಗಿ ಕೂರುತ್ತದೆ. ಅದಕ್ಕೆ ತನ್ನದೇ ಹೊಳಪಿದೆ, ಹಳದಿಯಿಂದ ಕೆಂಪಿನವರೆಗೆ ಹರಡಿಕೊಂಡದ್ದು. ಬಣ್ಣ ಹಾಕದ ಸ್ಲೈಡ್ ಒಂದನ್ನು ಮೊದಲು ಮೈಕ್ರೊಸ್ಕೋಪಿನಲ್ಲಿಡಿ. ಅದರಲ್ಲೇ ಚುಕ್ಕಿಗಳು ಹೊಳೆದರೆ ನಿಮ್ಮ ಡೈ ತೋರಿಸುತ್ತಿದ್ದ "ಒತ್ತಡ" ಬಹುಶಃ ಹಳೆಯ ಲಿಪೊಫಸಿನ್. ಸ್ಥಿರಗೊಳಿಸಿದ ಸ್ಲೈಡ್ ಆದರೆ ಸುಡಾನ್ ಬ್ಲ್ಯಾಕ್ ಬಿ ಹಾಕಿ ಅದನ್ನು ಅಡಗಿಸಬಹುದು.

ಮೈಟೋಕಾಂಡ್ರಿಯಾದ ಒಳಗೆ ಪ್ರೋಟಿಯಾಸೋಮ್ ಇಲ್ಲ. ಅಲ್ಲಿ ಲಾನ್ ಪ್ರೋಟಿಯೇಸ್ ಕೆಲಸ ಮಾಡುತ್ತದೆ, ಆಕ್ಸಿಡೇಶನ್ ಆದ ಅಕೊನಿಟೇಸ್ ಕಿಣ್ವವನ್ನು ಅದು ತೆಗೆಯುತ್ತದೆ ಅಂತ 2002ರಲ್ಲಿ ತೋರಿಸಿದರು. ಇಡೀ ಕೋಶದ ಬ್ಲಾಟ್ ಮಾಮೂಲಾಗಿದ್ದು ಕೋಶ ಮಾತ್ರ ಸೊರಗುತ್ತಿದ್ದರೆ ಮೈಟೋಕಾಂಡ್ರಿಯಾ ಬೇರ್ಪಡಿಸಿ ಕಾರ್ಬೊನಿಲ್ ನೋಡಿ.

ರಿಪೇರಿ ಕಡೆ ದೋಷ

ರಿಪೇರಿ ಕಿಣ್ವಗಳು ಕೆಟ್ಟರೆ ಕಾರ್ಬೊನಿಲ್ ನೇರವಾಗಿ ಏರಬೇಕಾಗಿಲ್ಲ, ತಡವಾಗಿ ಏರಬಹುದು. ಚೆನ್ನಾಗಿ ಹೇಳುವ ಗುರುತು ಪೆರಾಕ್ಸಿರೆಡಾಕ್ಸಿನ್‌ನ ಸಲ್ಫಿನಿಕ್ ರೂಪ. ಅದಕ್ಕೆ ಆಂಟಿಬಾಡಿ ಸಿಗುತ್ತದೆ. ಪೆರಾಕ್ಸೈಡ್ ಕೊಟ್ಟ ಕೂಡಲೇ ಗೆರೆ ದಪ್ಪವಾಗಿ, ಮುಂದಿನ ಗಂಟೆಗಳಲ್ಲಿ ತೆಳುವಾದರೆ ಸಲ್ಫಿರೆಡಾಕ್ಸಿನ್, ಅದರ ಹಿಂದಿರುವ ಥಯೊರೆಡಾಕ್ಸಿನ್ ಎರಡೂ ಓಡುತ್ತಿವೆ. ದಪ್ಪವಾಗಿಯೇ ಉಳಿದರೆ ಅಲ್ಲಿ ಹುಡುಕಿ.

ಸೀರಮ್ ಕಡಿಮೆ ಮಾಡಿದ್ದೀರಾ? ಥಯೊರೆಡಾಕ್ಸಿನ್ ರಿಡಕ್ಟೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್, ಎಂಎಸ್‌ಆರ್‌ಬಿ1 ಈ ಮೂರಕ್ಕೂ ಸೆಲೆನಿಯಂ ಬೇಕು. ಕೋಶಕ್ಕೆ ಸೆಲೆನಿಯಂ ಬರುವುದು ಬಹುಪಾಲು ಸೀರಮ್‌ನಿಂದ. ಸೀರಮ್ ಇಳಿಸಿದಾಗ ಕಾರ್ಬೊನಿಲ್ ಏರಿದರೆ, ಕೆಲವೇ ಹತ್ತು ನ್ಯಾನೊಮೋಲಾರ್ ಸೋಡಿಯಂ ಸೆಲೆನೈಟ್ ಹಾಕಿ ಕೆಲವು ದಿನ ಬೆಳೆಸಿ ಮತ್ತೆ ನೋಡಿ.

ಎನ್‌ಆರ್‌ಎಫ್2 ಚಾಲೂ ಆಗುತ್ತಿದೆಯಾ ಅಂತ ನೋಡಲು ಅದು ಚಾಲೂ ಮಾಡುವ ಎನ್‌ಕ್ಯೂಒ1, ಸಲ್ಫಿರೆಡಾಕ್ಸಿನ್ ಜೀನ್‌ಗಳ ಆರ್‌ಎನ್‌ಎ ಸಾಕು. ಆದರೆ ಯಾವ ಕೋಶ ಅನ್ನುವುದು ಗಮನದಲ್ಲಿರಲಿ. ಎ549 ಶ್ವಾಸಕೋಶದ ಕೋಶಗಳಲ್ಲಿ ಎನ್‌ಆರ್‌ಎಫ್2 ಅನ್ನು ತಡೆದಿಡುವ ಕೀಪ್1 ಜೀನ್‌ನಲ್ಲೇ ಬದಲಾವಣೆ ಇದೆ, ಎನ್‌ಆರ್‌ಎಫ್2 ಸದಾ ಚಾಲೂ. ಅಲ್ಲಿ ಪೆರಾಕ್ಸೈಡ್ ಕೊಟ್ಟಾಗ ಎನ್‌ಕ್ಯೂಒ1 ಏರಲಿಲ್ಲ ಅಂತ ದೋಷ ಹುಡುಕುತ್ತಾ ಕೂತರೆ ಸಿಗುವುದಿಲ್ಲ, ಅದು ಮೊದಲೇ ಏರಿ ಕೂತಿದೆ ಅಲ್ವಾ?

ಕೆಂಪು ರಕ್ತಕಣ: ಹೊಸದು ತಯಾರಿಸಲಾಗದ ಕೋಶ

ಲ್ಯಾಬಿನ ಈ ತರ್ಕ ಆಸ್ಪತ್ರೆಯಲ್ಲೂ ಬೇಕಾಗುವ ಜಾಗ ಒಂದಿದೆ. ಬಲಿತ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ರೈಬೋಸೋಮ್ ಇಲ್ಲ, ಮೈಟೋಕಾಂಡ್ರಿಯಾ ಇಲ್ಲ. ಸುಮಾರು 120 ದಿನ ಅದು ಹುಟ್ಟುವಾಗ ತಂದ ಪ್ರೋಟೀನ್‌ಗಳಲ್ಲೇ ಬದುಕಬೇಕು. ಗ್ಲುಟಾಥಯೋನ್ ಅನ್ನು ಮತ್ತೆ ಸಿದ್ಧ ಮಾಡಲು ಬೇಕಾದ ಎನ್‌ಎಡಿಪಿಎಚ್ ಬರುವುದು ಪೆಂಟೋಸ್ ಫಾಸ್ಫೇಟ್ ದಾರಿಯಿಂದ, ಅದರ ಮೊದಲ ಕಿಣ್ವ ಜಿ6ಪಿಡಿ.

1956ರಲ್ಲಿ ಶಿಕಾಗೊದ ಆಲ್ವಿಂಗ್, ಕಾರ್ಸನ್ ತಂಡ ಮಲೇರಿಯಾ ಔಷಧ ಪ್ರೈಮಾಕ್ವಿನ್ ಕೊಟ್ಟಾಗ ಕೆಲವರಲ್ಲಿ ಮಾತ್ರ ರಕ್ತಕಣ ಒಡೆಯುವುದಕ್ಕೆ ಈ ಕಿಣ್ವದ ಕೊರತೆಯೇ ಕಾರಣ ಅಂತ ಕಂಡುಕೊಂಡಿತು. ಔಷಧ ಎಲ್ಲರಿಗೂ ಒಂದೇ, ತಡೆಯುವ ಶಕ್ತಿ ಬೇರೆ. ಕೊರತೆ ಇರುವವರಲ್ಲಿ ಹೀಮೊಗ್ಲೋಬಿನ್ ಆಕ್ಸಿಡೇಶನ್ ಆಗಿ ಉಂಡೆಗಟ್ಟುತ್ತದೆ, ಪೊರೆಯ ಒಳಮೈಗೆ ಅಂಟುತ್ತದೆ. ಇವು ಹೈಂಜ್ ಬಾಡಿಗಳು. ಮಾಮೂಲಿ ರಕ್ತದ ಸ್ಲೈಡಿನಲ್ಲಿ ಕಾಣುವುದಿಲ್ಲ. ಜೀವಂತ ಕಣಗಳಿಗೆ ಕ್ರಿಸ್ಟಲ್ ವಯಲೆಟ್ ಹಾಕಿದರೆ ಅಂಚಿಗೆ ಒತ್ತಿಕೊಂಡ ನೇರಳೆ ಚುಕ್ಕಿಗಳಾಗಿ ಕಾಣುತ್ತವೆ. ಗುಲ್ಮ ಆ ಭಾಗವನ್ನು ಕಿತ್ತು ತೆಗೆಯುತ್ತದೆ. ಹಾಗೆ ಹೊರಬಂದ ಕಣ ಅಂಚಿನಲ್ಲಿ ಕಚ್ಚಿದಂತೆ ಕಾಣುತ್ತದೆ, ಅದು ಮಾಮೂಲಿ ಸ್ಲೈಡಿನಲ್ಲೂ ಸಿಗುತ್ತದೆ. ಹೈಂಜ್ ಬಾಡಿ ಸಿಗದೆ ಕಚ್ಚಿದ ಕಣ ಮಾತ್ರ ಸಿಕ್ಕರೆ, ಗುಲ್ಮ ತನ್ನ ಕೆಲಸ ಮಾಡಿ ಮುಗಿಸಿರಬಹುದು.

ವೈವ್ಯಾಕ್ಸ್ ಮಲೇರಿಯಾ ಬಹಳ ಕಾಲ ಕಾಡಿದ ಮಂಗಳೂರಿನಂಥ ಊರಿನಲ್ಲಿ ಜಿ6ಪಿಡಿ ಅಳೆಯುವ ಪರೀಕ್ಷೆ ಮುಖ್ಯವಾಗುತ್ತದೆ. ವೈವ್ಯಾಕ್ಸ್ ಲಿವರ್‌ನಲ್ಲಿ ಅಡಗಿ ಮರುಕಳಿಸದಂತೆ ನಮ್ಮಲ್ಲಿ 14 ದಿನ ಪ್ರೈಮಾಕ್ವಿನ್ ಕೊಡುವುದು ವಾಡಿಕೆ. ಈ ಪರೀಕ್ಷೆಯಲ್ಲೂ ದೋಷ ಅಡಗುವ ಜಾಗ ಇದೆ. ರಕ್ತಕಣ ಒಡೆದ ಕೂಡಲೇ ಜಿ6ಪಿಡಿ ಅಳೆದರೆ ಫಲಿತಾಂಶ ಮಾಮೂಲು ಅಂತ ಬರಬಹುದು. ಕಿಣ್ವ ಕಡಿಮೆ ಇದ್ದ ಹಳೆಯ ಕಣಗಳು ಒಡೆದುಹೋಗಿವೆ. ಉಳಿದದ್ದು ಎಳೆಯ ಕಣಗಳು, ಅವುಗಳಲ್ಲಿ ಕಿಣ್ವ ಇನ್ನೂ ಜಾಸ್ತಿ. ಅನುಮಾನ ಇದ್ದರೆ ಸುಮಾರು ಮೂರು ತಿಂಗಳ ಮೇಲೆ, ಹಳೆಯ ಕಣಗಳು ಮತ್ತೆ ತುಂಬಿಕೊಂಡ ನಂತರ, ಪರೀಕ್ಷೆ ಮತ್ತೆ ಮಾಡುತ್ತಾರೆ. ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿರುವ ಕಾರಣ, ಒಂದು ಪ್ರತಿ ಮಾತ್ರ ಕೆಟ್ಟಿರುವ ಹೆಂಗಸರಲ್ಲಿ ಎರಡು ಥರದ ಕಣಗಳೂ ಬೆರೆತಿರುತ್ತವೆ. ಹೌದು ಅಥವಾ ಇಲ್ಲ ಅಂತ ಮಾತ್ರ ಹೇಳುವ ಹೊಳಪಿನ ಚುಕ್ಕಿ ಪರೀಕ್ಷೆ ಅವರನ್ನು ಬಿಟ್ಟುಬಿಡಬಹುದು, ಅಲ್ಲಿ ಅಂಕಿ ಕೊಡುವ ಪರೀಕ್ಷೆಯೇ ಬೇಕು.